ಗೇಜು ಎಂಬ ಮಾತು

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ ಬೇಸಗೆಯ ಭತ್ತವು ಹೊಡೆಯಲ್ಲಿರುವ ದಿನಗಳಲ್ಲಿ ಬೆಳಗಿನ ಹೊತ್ತು ಎದುರುಬದುರಾದವರು ಮೊದಲು ವಿಚಾರಿಸುವುದು ಯೋಗಕ್ಷೇಮವನ್ನಲ್ಲ. “ಇವತ್ತು ಗೇಜ್ ಎಷ್ಟೈತಿ?” ಎಂದು ಕೇಳುವರು. ಉತ್ತರವು ಹಿತವಾಗಿದ್ದರೆ ಮಾತು ಮುಂದುವರಿದು ಮಕ್ಕಳ ಮದುವೆಯವರೆಗೂ ಬೆಳೆಯುವುದು. ಇಲ್ಲವಾದರೆ ಇಬ್ಬರೂ ಸುಮ್ಮನೆ ತಂತಮ್ಮ ಗದ್ದೆಯ ದಾರಿ ಹಿಡಿಯುವರು. ಈ ಪುಟ್ಟ ಪ್ರಶ್ನೆಯ ತಿರುಳಾದ ಮಾತು ಇಂಗ್ಲಿಷಿನದೆಂಬುದು ಕೇಳುವವರ ನೆನಪಿಗೂ ಬಾರದು. ಇಂಗ್ಲಿಷಿನ ಒಂದಕ್ಷರವನ್ನೂ ಕಾಣದ ಮುದುಕಿಯರು ಕೂಡ ಗೇಜು ಏರಿತು, ಗೇಜು ಇಳಿಯಿತು, ಗೇಜಿಗೆ ನೀರು ನಿಲ್ಲಲಿಲ್ಲ ಎಂದು ಕನ್ನಡದ ಪ್ರತ್ಯಯಗಳನ್ನೆಲ್ಲ ಅದಕ್ಕೆ ತೊಡಿಸಿ ಆಡುತ್ತಾರೆ. ದೂರದ ಊರಿನಿಂದ ಬಂದ ಸೊಸೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಮನೆಯವಳೇ ಆಗಿಬಿಡುವಂತೆ ಈ ಮಾತೂ ಊರಿನದಾಗಿ ಹೋಗಿದೆ.

ಇದು ಬಂದ ಬಗೆ ಸುಲಭವಾದದ್ದು. ಲಕ್ಕವಳ್ಳಿಯ ಬಳಿ ಭದ್ರಾನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯದ ನೀರೇ ಈ ಸೀಮೆಯ ಗದ್ದೆಗಳ ಜೀವ. ಅದು ತುಂಬಿತೆಂದರೆ 186 ಅಡಿ. ಆಗ ಅದರಲ್ಲಿ ನಿಲ್ಲುವುದು ಸುಮಾರು 71.5 ಟಿ.ಎಂ.ಸಿ., ಎಂದರೆ 7,150 ಕೋಟಿ ಘನ ಅಡಿ ನೀರು. ಅಲ್ಲಿಂದ ಹೊರಟ ನಾಲೆಯು ಕವಲಾಗಿ ಒಡೆಯುತ್ತ, ಕವಲು ಮರಿಗಾಲುವೆಯಾಗುತ್ತ, ಮರಿಗಾಲುವೆ ತೂಬಾಗುತ್ತ ಬಂದು, ಕಟ್ಟಕಡೆಗೆ ಹರಿಹರ ತಾಲ್ಲೂಕಿನ ಗದ್ದೆಗಳನ್ನು ಮುಟ್ಟಬೇಕು. ನಾಲೆಯ ಪಕ್ಕದ ಗೋಡೆಯ ಮೇಲೆ ಅಡಿಯೂ ಅಂಗುಲವೂ ಕಾಣುವಂತೆ ಗೀಟು ಎಳೆದ ಪಟ್ಟಿಯೊಂದಿರುವುದು. ನೀರು ಯಾವ ಗೀಟನ್ನು ಮುಟ್ಟಿತೋ ಅದೇ ಗೇಜು.

ಈ ಊರಿನ ಒಂದು ಮನೆಯಲ್ಲಿ ಒಂದು ಬೇಸಗೆ ನಡೆದ ಸಂಗತಿಯಿದು. ಮನೆಯ ಹಿರಿಯನಿಗೆ ನಾಲ್ಕು ಎಕರೆ ಭತ್ತದ ಗದ್ದೆ. ತೆನೆ ಹೊರಬೀಳುವ ಕಾಲಕ್ಕೆ ನೀರು ಹಿಂದೆಗೆಯಿತು. ಆತನು ಎರಡು ದಿನ ಕಾದು, ಮೂರನೆಯ ದಿನ ಕೇಳಬೇಕಾದವರನ್ನು ದೂರವಾಣಿಯಲ್ಲಿ ಕೇಳಿದನು. ಬಂದ ಉತ್ತರ ಚಿಕ್ಕದು, ಮರ್ಯಾದೆಯದು: ಗೇಜು ಸರಿಯಾಗಿದೆ. ಹಿರಿಯನು ತೂಬಿನ ಬಾಯಿಗೆ ಹೋಗಿ ನೋಡಿದನು. ಅಲ್ಲಿ ಒಂದು ಕಪ್ಪೆ ಕುಳಿತಿತ್ತು. ಅದರ ಬೆನ್ನೂ ಒಣಗಿತ್ತು. ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತು ಆತನು, “ಗೇಜು ಸರಿ ಐತಂತೆ, ಗದ್ದೆ ಬಿರುಕು ಬಿಟ್ಟೈತಿ. ಹಂಗಾದ್ರೆ ಈ ಗೇಜು ಅಂದ್ರೇನು?” ಎಂದನು. ಕೋಪದಲ್ಲಿ ಹುಟ್ಟಿದ ಪ್ರಶ್ನೆ ಅದು. ಆದರೆ ಕಟ್ಟೆಯ ಮೇಲಿದ್ದ ಒಬ್ಬೊಬ್ಬರಿಗೂ ಅದಕ್ಕೆ ಒಂದೊಂದು ಉತ್ತರ ಗೊತ್ತಿತ್ತು. ಒಂದು ಉತ್ತರದಂತೆ ಇನ್ನೊಂದು ಇರಲಿಲ್ಲ.

ಹಿರಿಯನ ತಮ್ಮನು ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ಕೂದಲು ನರೆಸಿಕೊಂಡವನು. 1941ರಲ್ಲಿ ಆರಂಭವಾದ ಆ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಗೆ ಹೋದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ನಿಂತುಹೋಯಿತು. ಆದರೂ ಅಲ್ಲಿ ದುಡಿದವರ ಬೆರಳುಗಳಿಂದ ಅಳತೆಯ ಅಭ್ಯಾಸ ಹೋಗಿಲ್ಲ. ಆತನು ಬಲ್ಲ ಗೇಜು ಎಷ್ಟೆಂದು ಹೇಳುವುದೇ ಇಲ್ಲ. ಆಗುವುದೋ ಆಗದೋ ಎಂಬುದನ್ನು ಮಾತ್ರ ಹೇಳುವುದು. ಕೊರೆದ ತೂತು ಸರಿಯೋ ತಪ್ಪೋ ಎಂದು ನೋಡಲು ಎರಡು ತುದಿಯ ಉಕ್ಕಿನ ಗುಂಡೊಂದು. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಕೂಡದು. ಮೊದಲನೆಯದು ಹೋಗದಿದ್ದರೆ ತೂತು ಕಿರಿದು. ಎರಡನೆಯದೂ ಹೋದರೆ ತೂತು ದೊಡ್ಡದು, ಕೆಲಸ ಕೆಟ್ಟಿತು. ಮಿಲಿಮೀಟರಿನ ನೂರರಲ್ಲೊಂದು ಪಾಲನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜು ಬೇರೆ. ಎರಡು ಲೋಹಗಳ ಸಂದಿಯಲ್ಲಿ ತೂರಿಸಿ ನೋಡುವ ತಗಡಿನ ಎಲೆಗಳ ಗೇಜು ಬೇರೆ. ಸ್ವೀಡನ್ನಿನ ಯೊಹಾನ್ಸನ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಂಡುಹಿಡಿದ ಉಕ್ಕಿನ ಗಟ್ಟಿಗಳು ಇನ್ನೂ ಬೇರೆ. ಅವುಗಳ ಮೈ ಎಷ್ಟು ನಯವೆಂದರೆ ಒಂದರ ಮೇಲೊಂದನ್ನು ಒತ್ತಿ ಜಾರಿಸಿದರೆ ಅಂಟಿಲ್ಲದೆಯೇ ಅಂಟಿಕೊಳ್ಳುವುವು. “ಅಣ್ಣಾ, ನಮ್ಮಲ್ಲಿ ಗೇಜು ಸರಿ ಅಂದ್ರೆ ಮಾಲು ಸರಿ ಅಂತಲೇ ಅರ್ಥ. ಎರಡೂ ಬ್ಯಾರೆ ಬ್ಯಾರೆ ಆಗೋ ಹಂಗಿಲ್ಲ” ಎಂದನು ತಮ್ಮ.

ನೆರೆಮನೆಯಾತನು ರೈಲುದಾರಿಯ ಗ್ಯಾಂಗಿನಲ್ಲಿ ದುಡಿದು ನಿವೃತ್ತನಾದವನು. ಆತನ ಗೇಜಿಗೆ ಎತ್ತರವೂ ಇಲ್ಲ, ದಪ್ಪವೂ ಇಲ್ಲ. ಎರಡು ಹಳಿಗಳ ಒಳಮೈಗಳ ನಡುವಣ ಅಂತರವೇ ಅದು. ಬೆಂಗಳೂರಿನಿಂದ ಹರಿಹರದವರೆಗೆ 1889ರ ಹೊತ್ತಿಗೆ ಬಂದ ದಾರಿಯು ಮೀಟರ್ ಗೇಜಿನದು, 1,000 ಮಿಲಿಮೀಟರು. ಮದರಾಸಿನ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದುದು ಬ್ರಾಡ್ ಗೇಜು, 1,676 ಮಿಲಿಮೀಟರು. ಈ ಎರಡರ ನಡುವೆ ಇರುವ ವ್ಯತ್ಯಾಸವನ್ನು ಯಾವ ಎಂಜಿನ್ನೂ ದಾಟಲಾರದು. ಆದಕಾರಣ ಎರಡು ದಾರಿಗಳು ಕೂಡುವ ಊರುಗಳಲ್ಲಿ ಒಂದು ಬಂಡಿಯ ಸರಕನ್ನೆಲ್ಲ ಇಳಿಸಿ ಇನ್ನೊಂದು ಬಂಡಿಗೆ ಏರಿಸಬೇಕಾಗಿತ್ತು. ಎಷ್ಟೋ ಹಮಾಲರ ಜೀವಮಾನ ಈ ವ್ಯತ್ಯಾಸದಲ್ಲಿಯೇ ಸವೆಯಿತು. ಇಂಗ್ಲೆಂಡಿನವರಿಗೂ ಈ ಪೀಡೆ ತಪ್ಪಲಿಲ್ಲ. ಬ್ರುನೆಲ್ ಎಂಬ ಎಂಜಿನಿಯರನು ಏಳಡಿಯ ದಾರಿ ಹಾಕಿಸಿದನು. ಮಿಕ್ಕವರು ನಾಲ್ಕಡಿ ಎಂಟೂವರೆ ಅಂಗುಲದ ದಾರಿ ಹಾಕಿದರು. ಜಗಳವು ಪಾರ್ಲಿಮೆಂಟಿಗೆ ಹೋಗಿ 1846ರಲ್ಲಿ ಕಾಯಿದೆಯಾಯಿತು. ಏಳಡಿಯ ದಾರಿ ಪೂರ್ತಿಯಾಗಿ ಮಾಯವಾಗುವಷ್ಟರಲ್ಲಿ 1892 ಬಂದಿತು. ಹರಿಹರದ ದಾರಿಯು ಬ್ರಾಡ್ ಗೇಜಾದುದು 1990ರ ದಶಕದಲ್ಲಿ. “ನಮ್ಮ ಗೇಜಿನಾಗೆ ಏರೋದು ಇಳಿಯೋದು ಇಲ್ಲ. ಅದು ಅಲುಗಾಡಿತು ಅಂದ್ರೆ ರೈಲೇ ಬಿತ್ತು” ಎಂದು ಗ್ಯಾಂಗಿನ ಮುದುಕ ನಕ್ಕನು.

ಮನೆಯ ಸೊಸೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ದಾದಿ. ಆಕೆಯ ಗೇಜು ಸೂಜಿಯದು. ರಕ್ತ ಹೋಗಿ ಬಳಲಿದವನಿಗೆ 18ನೆಯ ಗೇಜಿನ ಸೂಜಿ. ಹಸುಗೂಸಿನ ಕೂದಲಿನಂಥ ನರಕ್ಕೆ 24ನೆಯದು. ಅಂಕಿ ಹಿರಿದಾದಷ್ಟೂ ಸೂಜಿ ಕಿರಿದು! ಈ ವಿಪರೀತವು ತಂತಿಯವರ ಮನೆಯಿಂದ ಬಂದದ್ದು. ಹಿಂದೆ ಕಬ್ಬಿಣದ ಸಲಾಕೆಯನ್ನು ಕ್ರಮವಾಗಿ ಚಿಕ್ಕದಾಗುವ ತೂತುಗಳ ಮೂಲಕ ಎಳೆದೆಳೆದು ತಂತಿ ಮಾಡುತ್ತಿದ್ದರು. ಹೆಚ್ಚು ಸಲ ಎಳೆದಷ್ಟೂ ತಂತಿ ಸಣ್ಣದು. ಎಳೆದ ಸಲದ ಎಣಿಕೆಯೇ ಗೇಜಿನ ಅಂಕಿಗೆ ಮೂಲವಾಯಿತು. ಬ್ರಿಟನ್ನು 1884ರಲ್ಲಿ ಕಾನೂನಿನಂತೆ ಜಾರಿಗೆ ತಂದ ತಂತಿಯ ಗೇಜಿನಲ್ಲಿ 10ನೆಯದು 3.25 ಮಿಲಿಮೀಟರು ದಪ್ಪ, 20ನೆಯದು ಸುಮಾರು 0.91 ಮಿಲಿಮೀಟರು ಮಾತ್ರ. ಸುಟ್ಟುಹೋದ ಪಂಪಿನ ಮೋಟಾರಿಗೆ ತಂತಿ ಸುತ್ತಿಸಲು ಹೋದ ರೈತನು ಈ ಅಂಕಿಯನ್ನು ತಿಳಿಯದಿದ್ದರೆ ಮೋಸಹೋಗುವನು. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಮಾತ್ರ ಇದು ಹೊಸದಲ್ಲ. ನೂಲಿನ ನಂಬರೂ ಹೀಗೆಯೇ, ನಲವತ್ತರ ನೂಲು ಇಪ್ಪತ್ತರದಕ್ಕಿಂತ ನವುರು. ಆದರೆ ಇದನ್ನೇ ನಂಬಿ ಬಣವೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ ತರಲು ಅಂಗಡಿಗೆ ಹೋದರೆ ಅಲ್ಲಿ ನ್ಯಾಯ ತಿರುಗುಮುರುಗು. 100 ಗೇಜಿನ ಹಾಳೆ 25 ಮೈಕ್ರಾನು. 400 ಗೇಜಿನದು ಅದರ ನಾಲ್ಕರಷ್ಟು ದಪ್ಪ. ಹೀಗೆ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಒಂದೇ ಮಾತು ಒಂದರಲ್ಲಿ ದಪ್ಪವನ್ನೂ ಇನ್ನೊಂದರಲ್ಲಿ ಸಣ್ಣದನ್ನೂ ಹೊಗಳುವುದು.

ಇಷ್ಟಾದ ಮೇಲೆ ಒಳಗಿನಿಂದ ಅಜ್ಜಿ, “ಅದೆಲ್ಲ ಏನು, ಗೇಜು ಅಂದ್ರೆ ಗಜವೇ ಅಲ್ಲೇನು? ನಮ್ಮಪ್ಪ ಬಟ್ಟೆ ಅಳೀತಿದ್ದ” ಎಂದಳು. ಊಹೆ ಜಾಣತನದ್ದು, ನಿಜವಲ್ಲ. ಬಟ್ಟೆಯಂಗಡಿಯ ಗಜವು ಪಾರಸಿಯಿಂದ ಬಂದದ್ದು. ಗೇಜು ಬಂದದ್ದು ಉತ್ತರ ಫ್ರಾನ್ಸಿನ ಹಳೆಯ ಮಾತಿನಿಂದ, ಹದಿನೈದನೆಯ ಶತಮಾನದಲ್ಲಿ ಇಂಗ್ಲೆಂಡಿಗೆ. ಅಲ್ಲಿ ಮದ್ಯದ ಪೀಪಾಯಿಯೊಳಗೆ ಕೋಲಿಳಿಸಿ ಒಳಗೆಷ್ಟಿದೆಯೆಂದು ಅಳೆದು ಸುಂಕ ಗೊತ್ತುಮಾಡುವವನಿಗೆ ಗೇಜರ್ ಎಂದೇ ಹೆಸರು. ಎಂದರೆ ಈ ಮಾತಿನ ಹಳೆಯ ಕಸುಬು, ಒಡೆದು ನೋಡಲಾಗದ ವಸ್ತುವಿನ ಒಳಗನ್ನು ಒಂದು ಕೋಲಿನಿಂದ ಊಹಿಸುವುದು. ಕೋಲು ತಪ್ಪು ಹೇಳಿದರೆ ದೊರೆಗೆ ನಷ್ಟ ಅಥವಾ ವರ್ತಕನಿಗೆ ನಷ್ಟ. ಹುಟ್ಟಿದ ದಿನದಿಂದಲೂ ಗೇಜಿನ ಎರಡು ಬದಿಗಳಲ್ಲಿ ಇಬ್ಬರು ನಿಂತಿದ್ದಾರೆ.

ಗೇಜಿನ ಸೊನ್ನೆಯೂ ವಿಚಾರ ಮಾಡತಕ್ಕದ್ದು. ಅಕ್ಕಿಗಿರಣಿಯ ಬಾಯ್ಲರಿಗೆ ಗಡಿಯಾರದಂಥ ಬಿಲ್ಲೆಯೊಂದನ್ನು ಕೂಡಿಸಿರುವರು. ಪ್ಯಾರಿಸಿನ ಬೂರ್ದೋನನು 1849ರಲ್ಲಿ ಕಂಡುಹಿಡಿದ ಉಪಾಯವೇ ಈಗಲೂ ಅದರ ಒಳಗಿರುವುದು: ಬಾಗಿಸಿದ ಚಪ್ಪಟೆ ಕೊಳವೆಯೊಳಗೆ ಉಗಿ ತುಂಬಿದರೆ ಕೊಳವೆಯು ನೆಟ್ಟಗಾಗಲು ಹವಣಿಸುವುದು, ಆ ಹವಣಿಕೆ ಮುಳ್ಳನ್ನು ತಿರುಗಿಸುವುದು. ಒಲೆ ಆರಿದಾಗ ಮುಳ್ಳು ಸೊನ್ನೆಗೆ ಬಂದು ನಿಲ್ಲುವುದು. ಆದರೆ ಆಗ ಬಾಯ್ಲರಿನಲ್ಲಿ ಒತ್ತಡವೇ ಇಲ್ಲವೆಂದಲ್ಲ. ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಗಾಳಿಯ ಒತ್ತಡ ಒಳಗೂ ಹೊರಗೂ ಇದ್ದೇ ಇರುವುದು. ಅದನ್ನು ಬಿಟ್ಟು ಮೇಲಿನದನ್ನಷ್ಟೇ ಎಣಿಸುವುದು ಆ ಗೇಜಿನ ಸಂಪ್ರದಾಯ. ಜಲಾಶಯದಲ್ಲಿ ಇದರ ಇನ್ನೊಂದು ಮುಖ ಕಾಣುವುದು. ಅಲ್ಲಿ ಅಡಿಗಳ ಲೆಕ್ಕ ಇನ್ನೂ ಉಳಿದಿರುವಾಗಲೇ, ತಳದ ನೀರು ನಾಲೆಯ ಬಾಯಿಗೆ ಏರಲಾರದಾದುದರಿಂದ, ರೈತನ ಪಾಲಿನ ನೀರು ಮುಗಿದಿರುವುದು. ಸೊನ್ನೆಯನ್ನು ಎಲ್ಲಿ ಇಟ್ಟರು, ಯಾರು ಇಟ್ಟರು ಎಂಬುದನ್ನು ಕೇಳದೆ ಗೇಜನ್ನು ಓದಬಾರದು.

ಮಳೆಯನ್ನು ಅಳೆಯುವ ಗೇಜು ಇವುಗಳೆಲ್ಲಕ್ಕಿಂತ ಸಾಧು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಒಂದು ಮೊಳ ಅಗಲದ ಕುಂಡವನ್ನು ಇಟ್ಟು ಮಳೆಯನ್ನು ಅಳೆಯಬೇಕೆಂದು ವಿಧಿಸಿದೆ. ಒಂದು ಮಿಲಿಮೀಟರು ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರು. ಎಕರೆಗೆ ನಾಲ್ಕು ಸಾವಿರ ಲೀಟರಿಗೆ ಮೇಲೆ. ಕುಂಡ ಇಟ್ಟ ಕಡೆ ಬಿದ್ದ ಮಳೆಯೇ ಸುತ್ತಲೂ ಬಿದ್ದಿತೆಂದು ನಂಬಬೇಕು. ಈ ನಂಬಿಕೆಯೊಂದೇ ಅದರ ದೌರ್ಬಲ್ಯ. ಒಂದು ಹೊಲಕ್ಕೆ ಬಂದ ಮಳೆ ಬೇಲಿಯಾಚೆಯ ಹೊಲಕ್ಕೆ ಬಾರದಿರುವುದನ್ನು ಕಾಣದ ಒಕ್ಕಲಿಗನುಂಟೆ?

ಹಿರಿಯನ ಮೊಮ್ಮಗಳು ಭೌತಶಾಸ್ತ್ರದ ವಿದ್ಯಾರ್ಥಿನಿ. ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವಳು, “ಅಜ್ಜಾ, ನಮ್ಮ ಪುಸ್ತಕದಾಗೂ ಗೇಜ್ ಐತಿ” ಎಂದಳು. ಆಕೆ ಹೇಳಿದುದರ ಸಾರಾಂಶವಿಷ್ಟು. ಜರ್ಮನಿಯ ಗಣಿತಜ್ಞ ಹರ್ಮನ್ ವೈಲನು 1918ರಲ್ಲಿ ಒಂದು ಪ್ರಶ್ನೆ ಹಾಕಿಕೊಂಡನು: ವಿಶ್ವದ ಒಂದೊಂದು ಎಡೆಯಲ್ಲಿಯೂ ಅಳತೆಗೋಲನ್ನು ಬೇರೆ ಬೇರೆಯಾಗಿ ಆರಿಸಿಕೊಂಡರೂ ನಿಸರ್ಗದ ನಿಯಮವು ಮಾರ್ಪಡಬಾರದೆಂದು ಹಟ ಹಿಡಿದರೆ ಏನು ಸಿದ್ಧಿಸುವುದು? ರೈಲು ಮತ್ತು ಕಾರ್ಖಾನೆಗಳ ಆ ಮಾತೇ ಇಂಗ್ಲಿಷಿನಲ್ಲಿ ಈ ತತ್ತ್ವಕ್ಕೂ ಹೆಸರಾಯಿತು. ಐನ್‌ಸ್ಟೈನನು ಅದನ್ನು ಮೆಚ್ಚಿಯೂ ಒಪ್ಪಲಿಲ್ಲ. ಅದು ನಿಜವಾದರೆ ಬೇರೆ ಬೇರೆ ದಾರಿ ನಡೆದು ಬಂದ ಎರಡು ಪರಮಾಣುಗಳು ಬೇರೆ ಬೇರೆ ಬಣ್ಣದ ಬೆಳಕನ್ನು ಬೀರಬೇಕಾದೀತು. ಲೋಕದಲ್ಲಿ ಹಾಗೆ ಕಾಣದು ಎಂದನು. ವೈಲನು 1929ರಲ್ಲಿ ಉದ್ದದ ಅಳತೆಯನ್ನು ಬಿಟ್ಟು, ಅಲೆಯ ಗತಿಯಲ್ಲಿ ಆ ತತ್ತ್ವವನ್ನು ಮತ್ತೆ ನಿಲ್ಲಿಸಿದನು. 1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಎಂಬ ಇಬ್ಬರು ಅದನ್ನು ಬೆಳೆಸಿದರು. ವಿದ್ಯುತ್ತಿನ ಬಲದಿಂದ ಹಿಡಿದು ಪರಮಾಣುವಿನ ಒಡಲೊಳಗಣ ಬಲಗಳವರೆಗೆ ಎಲ್ಲಕ್ಕೂ ಇಂದು ಅದೇ ವಿವರಣೆ. “ಗೇಜು ನಮ್ಮ ಅನುಕೂಲಕ್ಕೆ ನಾವು ಆರಿಸಿಕೊಂಡದ್ದು, ಅಜ್ಜ. ಅದನ್ನ ಬದಲಾಯಿಸಿದ್ರೂ ಯಾವುದು ಬದಲಾಗೋದಿಲ್ಲವೋ ಅದೊಂದೇ ನಿಜ” ಎಂದು ಮೊಮ್ಮಗಳು ಮುಗಿಸಿದಳು.

ಹಿರಿಯನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬದಲಾಗದೇ ಇರೋದು ಒಂದೈತಿ. ಗದ್ದೆಗೆ ನೀರು ಬಂತೋ ಇಲ್ಲವೋ ಅನ್ನೋದು” ಎಂದನು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ನಾಲೆಯ ತಲೆಯ ಗೇಜು ಸುಳ್ಳು ಹೇಳಿರಲಾರದು. ಆದರೆ ಅದು ಎತ್ತರವನ್ನು ಹೇಳಿತೇ ಹೊರತು ನೀರನ್ನು ಹೇಳಲಿಲ್ಲ. ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಎಂಬ ಎಂಜಿನಿಯರನು ಕೊಟ್ಟ ಸೂತ್ರದಂತೆ ಲೆಕ್ಕ ಹಾಕಿದರೆ, ಅಗಲವಾದ ನಾಲೆಯಲ್ಲಿ ನೀರಿನ ಎತ್ತರ ಅರ್ಧಕ್ಕಿಳಿದಾಗ ಹರಿವು ಅರ್ಧಕ್ಕೆ ನಿಲ್ಲದು. ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುವುದು. ಆಳ ಕಡಿಮೆಯಾದಂತೆ ವೇಗವೂ ಕಡಿಮೆಯಾಗುವುದೇ ಅದಕ್ಕೆ ಕಾರಣ. ನಾಲೆಯಲ್ಲಿ ಹೂಳೂ ಜೊಂಡೂ ಬೆಳೆದಿದ್ದರಂತೂ ನೀರು ತಡೆದು ನಿಂತು ಗೇಜು ಏರಿಯೇ ಕಾಣುವುದು, ಮುಂದಕ್ಕೆ ಹರಿಯುವುದು ಮಾತ್ರ ಕಡಿಮೆ. ಇದರ ಮೇಲೆ ದಾರಿಯುದ್ದಕ್ಕೂ ಇಂಗುವ ನೀರು, ಮೇಲಿನ ತೂಬುಗಳು ಕುಡಿಯುವ ನೀರು, ಪಂಪುಗಳು ಎತ್ತುವ ನೀರು. ಇವುಗಳಲ್ಲಿ ಒಂದೂ ತಲೆಯ ಗೇಜಿನ ಮೇಲೆ ಬರೆದಿರುವುದಿಲ್ಲ. ಹೀಗಾಗಿ ಗೇಜು ಸರಿಯೆಂದವನೂ ನಿಜವನ್ನೇ ಆಡಿದನು. ಗದ್ದೆ ಬಿರಿಯಿತೆಂದವನೂ ನಿಜವನ್ನೇ ಆಡಿದನು.

ಮರುದಿನ ತಮ್ಮನು ಮನೆಯ ಅಟ್ಟದಿಂದ ಒಂದು ಉಕ್ಕಿನ ಪಟ್ಟಿಯನ್ನು ಇಳಿಸಿದನು. ಅದರ ಮೇಲೆ, ಕಾರ್ಖಾನೆಯ ಕಾಲದ ಶ್ರದ್ಧೆಯಿಂದ, ಸೆಂಟಿಮೀಟರಿಗೆ ಒಂದೊಂದು ಗೀಟು ಕೊರೆದು ಬಣ್ಣ ತುಂಬಿದನು. ಅದನ್ನು ಕೊನೆಯ ತೂಬಿನ ಬಾಯಲ್ಲಿ ನಿಲ್ಲಿಸುವಾಗ ಸೊನ್ನೆಯನ್ನು ನೀರು ಗದ್ದೆಗೆ ದಾಟುವ ಅಂಚಿಗೆ ಸರಿಯಾಗಿ ಹೊಂದಿಸಿದನು. ಸೊನ್ನೆಯೆಂದರೆ ಇಲ್ಲಿ ಇಲ್ಲವೆಂದೇ ಅರ್ಥವಾಗಬೇಕೆಂಬುದು ಆತನ ಪಂಥ. ಎಂಟು ಹಗಲು ಎಂಟು ರಾತ್ರಿ, ಎರಡು ಗಂಟೆಗೊಮ್ಮೆ, ಮನೆಯವರೂ ನೆರೆಯವರೂ ಸರದಿಯಂತೆ ಹೋಗಿ ನೋಡಿಬಂದರು. ಮೊಮ್ಮಗಳ ನೋಟುಪುಸ್ತಕದಲ್ಲಿ ಅಂಕಿಗಳು ಸಾಲುಗಟ್ಟಿದುವು. ನಡುರಾತ್ರಿ ಕಳೆದ ಮೇಲೆ, ಮೇಲಿನ ಪಂಪುಗಳು ನಿಂತಾಗ, ನೀರು ನಾಲ್ಕು ಗೀಟು ಏರುವುದು; ನಸುಕಿಗೆ ಮತ್ತೆ ಸೊನ್ನೆ. ಇದು ಎಲ್ಲರಿಗೂ ಗುಮಾನಿಯಿದ್ದ ಸಂಗತಿಯೇ. ಆದರೆ ಗುಮಾನಿಗೆ ಜಗಳವೊಂದೇ ಗೊತ್ತು; ಪುಸ್ತಕವನ್ನು ಮುಂದಿಟ್ಟಾಗ ಮೇಲಿನ ಗದ್ದೆಯವರು ದನಿ ಏರಿಸಲಿಲ್ಲ. ಅವರಲ್ಲಿ ಕೆಲವರು ವಾರದಲ್ಲಿ ಎರಡು ಹಗಲು ಪಂಪು ನಿಲ್ಲಿಸಲು ಒಪ್ಪಿದರು, ಕೆಲವರು ಒಪ್ಪಲಿಲ್ಲ.

ಆ ಬೇಸಗೆ ಹಿರಿಯನ ನಾಲ್ಕು ಎಕರೆಯಲ್ಲಿ ಎರಡೂವರೆ ಎಕರೆಯ ತೆನೆ ತುಂಬಿತು, ಉಳಿದದ್ದು ಜೊಳ್ಳಾಯಿತು. ಗೆದ್ದೆವೆಂದು ಹಿಗ್ಗುವಷ್ಟು ಅಲ್ಲ, ಸೋತೆವೆಂದು ಅಳುವಷ್ಟೂ ಅಲ್ಲ. ತಮ್ಮನು ಮಾತ್ರ ಜೊಳ್ಳಿನ ಒಂದು ತೆನೆಯನ್ನು ಬೆರಳುಗಳ ನಡುವೆ ಹೊರಳಿಸುತ್ತ, ಒಂದು ತಿಂಗಳ ಮೊದಲೇ ಪಟ್ಟಿ ನೆಡಬೇಕಾಗಿತ್ತು ಎಂದು ಮತ್ತೆ ಮತ್ತೆ ಹೇಳಿಕೊಂಡನು.

ಪಟ್ಟಿಯು ಈಗಲೂ ತೂಬಿನ ಬಾಯಲ್ಲಿದೆ. ಪ್ರತಿ ವರ್ಷ ನೀರು ಬಿಡುವ ಮುನ್ನ ಯಾರಾದರೂ ಅದರ ಬಣ್ಣವನ್ನು ಹೊಸದು ಮಾಡುವರು. ಊರಿನವರ ಮಾತಿನಲ್ಲಿ ಒಂದು ಸಣ್ಣ ವ್ಯತ್ಯಾಸವೂ ಆಗಿದೆ. ಬೆಳಿಗ್ಗೆ ಒಬ್ಬನು “ಗೇಜ್ ಎಷ್ಟೈತಿ?” ಎಂದರೆ ಇನ್ನೊಬ್ಬನು ಅಂಕಿಯನ್ನು ಹೇಳುವ ಮೊದಲು ತಿರುಗಿ ಒಂದು ಪ್ರಶ್ನೆ ಕೇಳುತ್ತಾನೆ: “ಎಲ್ಲಿಯದು? ಮೇಲಿನದೋ, ನಮ್ಮದೋ?”